ಪಚ್ಚೆಪಾದೆಯ ಕಪ್ಪು ಕಲ್ಲು

ಕಕ್ಕಿಂಜೆ
12 ಜನವರಿ 2025

ಕಮಲಾವತಿ ಅಮ್ಮನವರಿಗೆ ಸಂಕಪ್ಪನ ನಮಸ್ಕಾರಗಳು.

ನನ್ನ ನೆನಪು ನಿಮಗೆ ಇರಲಿಕ್ಕಿಲ್ಲ. ಪಚ್ಚೆಪಾದೆ ತಾಮ್ರದ ಗಣಿಯಲ್ಲಿ ಶ್ರೀಪಾಲ ಧಣಿಗಳು ಭೂವಿಜ್ಞಾನಿಯಾಗಿದ್ದಾಗ ಅವರ ಕೈಕೆಳಗೆ ಕೆಲಸ ಮಾಡಿದವ ನಾನು. ವಿಟ್ಲ ಕಡೆಯಿಂದ ಬಂದ ಸುರಂಗದ ಸಂಕಪ್ಪ ಎಂದರೆ ನೆನಪಾದೀತು. ಧಣಿಗಳು ತೀರಿಕೊಂಡರೆಂದು ಪತ್ರಿಕೆಯಲ್ಲಿ ಓದಿದ್ದೆ. ಆಗ ನಿಮ್ಮ ವಿಳಾಸ ಗೊತ್ತಿರಲಿಲ್ಲ. ಕಳೆದ ವಾರ ನಮ್ಮ ನೆರೆಯ ಬಾಸಿತ್ ಜೀಪಿನಲ್ಲಿ ಪ್ರವಾಸಿಗಳನ್ನು ಮೂಡುಬಿದಿರೆ ಬಸದಿಗೆ ಕರೆದುಕೊಂಡು ಬಂದಾಗ ಅಲ್ಲಿ ವಿಚಾರಿಸಿ ತಂದುಕೊಟ್ಟ. ಫೋನು ಮಾಡಬಹುದಿತ್ತಲ್ಲ ಎನ್ನಬೇಡಿ. ನನಗೆ ಎರಡೂ ಕಿವಿ ಕೇಳಿಸುವುದಿಲ್ಲ. ಗಣಿಯ ಡ್ರಿಲ್ಲಿಂಗ್ ಮೆಷಿನ್ ಕೊಟ್ಟ ಉಡುಗೊರೆ ಅದು. ಜನರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತೇನೆ.

ಸಂತೋಷದ ಸುದ್ದಿ ತಿಳಿಸಲು ಬರೆಯುತ್ತಿದ್ದೇನೆ. ಧಣಿಗಳು ನನ್ನಿಂದ ಕೊರೆಸಿದ ಕುಡಿಯುವ ನೀರಿನ ಸುರಂಗ ಮತ್ತೆ ತೆರೆದಿದೆ. 2019ರ ಮಳೆಯಲ್ಲಿ ಚಾರ್ಮಾಡಿ ಕಡೆಯ ಗುಡ್ಡಗಳು ಜರಿದಾಗ ಅದರ ಬಾಯಿ ಮುಚ್ಚಿಹೋಗಿತ್ತು. ಆಮೇಲೆ ಇಲ್ಲಿನ ಮೇಲಿನ ಮನೆಗಳಿಗೆ ಫೆಬ್ರವರಿ ಬಂತೆಂದರೆ ನೀರಿಲ್ಲ. ಬೋರ್‌ವೆಲ್ ಎರಡು ಕಡೆ ಹಾಕಿ ನೋಡಿದರು, ಧೂಳು ಬಂತು. ಈ ಸಲ ಪಂಚಾಯತಿನವರು ಸುರಂಗ ಎಲ್ಲಿತ್ತೆಂದು ನನ್ನನ್ನೇ ಕೇಳಿದರು. ದೊಡ್ಡ ಧೂಪದ ಮರದ ಅಡಿಯಲ್ಲಿ ಎಂದು ತೋರಿಸಿಕೊಟ್ಟೆ. ಯಂತ್ರದಿಂದ ಮಣ್ಣು ತೆಗೆದರು. ಸುರಂಗದ ಬಾಯಿ ಸಿಕ್ಕಿತು. ನನ್ನ ಮೊಣಕಾಲು ಒಳಗೆ ಹೋಗಲು ಬಿಡಲಿಲ್ಲ, ಹೊರಗೆ ನಿಂತು ನೋಡಿದೆ. ಗಾಜಿನಂಥ ನೀರು. ಒಂದು ಎಳೆ ಪಾಚಿ ಇಲ್ಲ, ಏಡಿ ಇಲ್ಲ, ಕಪ್ಪೆ ಇಲ್ಲ. ಬಾಯಿಯ ಕಲ್ಲುಗಳ ಮೇಲೆ ನವಿಲಿನ ಕುತ್ತಿಗೆಯ ಬಣ್ಣ, ನೋಡಲು ಚೆಂದ. ಪೈಪು ಹಾಕಿ ಮನೆಗಳಿಗೆ ನೀರು ಬಿಟ್ಟಾಗಿದೆ.

ಬಾಸಿತನ ಹೆಂಡತಿ ಫಾಹಿಮಾ ಬಸುರಿ. ಅವಳು ಕೊಡ ಹೊತ್ತು ಗುಡ್ಡ ಹತ್ತುವುದನ್ನು ನೋಡಲು ಆಗುತ್ತಿರಲಿಲ್ಲ. ಈಗ ಮನೆಯ ಅಂಗಳದಲ್ಲೇ ನಲ್ಲಿ. ಬಾಸಿತನ ತಾಯಿ ಖತೀಜಮ್ಮ ಮೊದಲ ಕೊಡ ತುಂಬುವಾಗ, “ಆ ಕಲ್ಲಿನ ಸಾರ್ ಪುಣ್ಯಾತ್ಮ ಮಾರಾಯ್ರೆ, ಅವರ ಮನೆಗೊಂದು ಕಾಗದ ಹಾಕಿ” ಎಂದರು. ಆದ್ದರಿಂದ ಈ ಪತ್ರ. ಊರಿನ ಎಲ್ಲರ ಪರವಾಗಿ ನಿಮಗೆ ಕೃತಜ್ಞತೆಗಳು.

ಇತಿ ವಿಧೇಯ,
ಸಂಕಪ್ಪ


ಮೂಡುಬಿದಿರೆ
20 ಜನವರಿ 2025

ಸಂಕಪ್ಪಣ್ಣನಿಗೆ,

ನೆನಪಿಲ್ಲದೆ ಏನು? ಗಣಿಯ ಕ್ವಾರ್ಟರ್ಸಿನ ಹಿಂದೆ ದೀಪ ಹಿಡಿದು ಬಾವಿಗಿಳಿದವರು ನೀವು. ದೀಪ ಆರಿದರೆ ಗಾಳಿ ಇಲ್ಲವೆಂದು ಅರ್ಥ ಎಂದು ನನಗೆ ವಿವರಿಸಿದ್ದಿರಿ. ನಿಮ್ಮ ಪತ್ರವನ್ನು ಇವರ ಫೋಟೋದ ಮುಂದೆ ಕುಳಿತು ಜೋರಾಗಿ ಓದಿದೆ. ಮೊಮ್ಮಗಳು ಮೇಘಾ, “ಅಜ್ಜಿ, ಯಾರ ಹತ್ರ ಮಾತಾಡ್ತಾ ಇದ್ದೀರಿ?” ಎಂದು ಒಳಗಿನಿಂದ ಓಡಿ ಬಂದಳು. ಅವಳು ಇಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ.

ಇವರು ಗಣಿಯ ಬಗ್ಗೆ ಮನೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಅಲ್ಲಿಂದ ತಂದ ಕಲ್ಲುಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಕೊನೆಯವರೆಗೆ ಒರೆಸುತ್ತಿದ್ದರು. ಹಸಿರು ಮಲಕೈಟ್, ನೀಲಿ ಅಜುರೈಟ್, ಬಂಗಾರದಂತೆ ಹೊಳೆದು ಎಲ್ಲರನ್ನೂ ಏಮಾರಿಸುವ ಚಾಲ್ಕೊಪೈರೈಟ್, ಬೆಣಚುಕಲ್ಲಿನ ಒಂದು ತುಂಡು. ಹಳಬರು ಗುಡ್ಡದ ತಲೆಯಲ್ಲಿ ತಾಮ್ರ ಕರಗಿಸಿದಾಗ ಉಳಿದ ಕಿಟ್ಟವೂ ಒಂದು ಹಿಡಿ ಇದೆ. ಕಂಪೆನಿ ಬರುವ ಎಷ್ಟೋ ಕಾಲ ಮೊದಲೇ ಅಲ್ಲಿ ಯಾರೋ ಅಗೆದಿದ್ದರಂತೆ. ಯಾರು, ಯಾವಾಗ ಎಂಬುದು ತಮಗೂ ತಿಳಿಯಲಿಲ್ಲ ಎನ್ನುತ್ತಿದ್ದರು.

ಅದಿರಿನ ಎಳೆ ಮುಂದೆ ಇಲ್ಲ ಎಂದು ಇವರು ವರದಿ ಕೊಟ್ಟರು, ಗಣಿ ಮುಚ್ಚಿತು. ನಾವು ಸಾಮಾನು ಲಾರಿಗೆ ಹಾಕಿ ಹೊರಟ ಬೆಳಿಗ್ಗೆ ರಸ್ತೆಗೆ ಒಬ್ಬರೂ ಬಂದಿರಲಿಲ್ಲ. ಕೆಲಸ ಹೋದವರ ಕಷ್ಟ ನನಗೆ ಅರ್ಥವಾಗುತ್ತದೆ. ಸುಮ್ಮನೆ ನೆನಪಾಯಿತು, ಬರೆದೆ. ನಿಮ್ಮ ಪತ್ರದಿಂದ ಆ ಬೆಳಗು ಸ್ವಲ್ಪ ದೂರ ಸರಿಯಿತು. ಅದಕ್ಕೆ ನಾನೇ ನಿಮಗೆ ಋಣಿ.

ಆದರೆ ಒಂದು ಸಂದೇಹ. ನಮ್ಮ ಜೈನರಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಳಸುವುದು ನಿಮಗೆ ಗೊತ್ತು. ಸೋಸಿ ಬಿಟ್ಟರೆ ಸಾಲದು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಆ ನೀರು ಎಲ್ಲಿಂದ ಬಂತೋ ಅಲ್ಲಿಗೇ ಬಿಡಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ದಿನವೂ ಚೆಂಬು ಹಿಡಿದು ನಿಮ್ಮ ಸುರಂಗದ ಬಾಯಿಗೆ ಹೋಗುತ್ತಿದ್ದೆ. ಹೊಸ ಸೊಸೆ ಗುಡ್ಡದ ಭೂತಕ್ಕೆ ಹಾಲೆರೆಯುತ್ತಾಳೆಂದು ಹೆಂಗಸರು ಮಾತಾಡಿಕೊಂಡಿದ್ದರು. ಆ ನೀರಿನಲ್ಲಿ ಸಣ್ಣ ಸಣ್ಣ ಜೀವಗಳು ಧಾರಾಳವಾಗಿದ್ದವು. ಅದಕ್ಕೂ ಮೊದಲು, ಗಣಿಯಿಂದಲೇ ಹರಿದು ಬರುವ ನೀರು ಕೊಡುತ್ತಿದ್ದಾಗ ಬಟ್ಟೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. “ಎಷ್ಟು ಶುದ್ಧ!” ಎಂದು ನಾನು ಹೇಳಿದ್ದಕ್ಕೆ ಇವರು ಬಟ್ಟೆಯನ್ನೇ ನೋಡುತ್ತಾ ಕುಳಿತರು. ಮರುದಿನ ಮ್ಯಾನೇಜರ ಬಳಿ ಹೋಗಿ ಜಗಳ ಮಾಡಿದರು. ಆಮೇಲೆಯೇ ನಿಮ್ಮನ್ನು ಕರೆಸಿದ್ದು.

ಪಾಚಿ ಇಲ್ಲ, ಏಡಿ ಇಲ್ಲ, ಕಲ್ಲಿಗೆ ನವಿಲು ಬಣ್ಣ ಎಂದು ಬರೆದಿದ್ದೀರಿ. ಸಂಕಪ್ಪಣ್ಣ, ಒಂದು ಬಿಳಿ ಬಟ್ಟೆಯಲ್ಲಿ ಸೋಸಿ ನೋಡುತ್ತೀರಾ? ಏನೂ ಉಳಿಯದಿದ್ದರೆ ಕುಡಿಯಬೇಡಿ. ಬಾಸಿತನ ಕೈಯಲ್ಲಿ ಒಂದು ಬಾಟಲಿ ನೀರು ಕಳಿಸಿದರೆ ಮೇಘಾ ಪರೀಕ್ಷೆ ಮಾಡಿಸಿ ತಿಳಿಸುತ್ತಾಳೆ.

ನಿಮ್ಮ ಒಳಿತನ್ನು ಬಯಸುವ,
ಕಮಲಾವತಿ


ಕಕ್ಕಿಂಜೆ
1 ಫೆಬ್ರವರಿ 2025

ಕಮಲಾವತಿ ಅಮ್ಮನವರಿಗೆ,

ಪತ್ರ ತಲುಪಿತು. ನಾನು ಹದಿನಾರನೆಯ ವಯಸ್ಸಿಗೆ ಪಿಕ್ಕಾಸು ಹಿಡಿದವ. ನನ್ನ ಅಪ್ಪ, ಅಜ್ಜ ಸುರಂಗ ಕೊರೆದೇ ಬದುಕಿದವರು. ನಾನು ಕೊರೆದ ಸುರಂಗ ಯಾವುದೆಂದು ನನಗೆ ತಿಳಿಯದೆ? ಅದೇ ಧೂಪದ ಮರ, ಅದೇ ಗುಡ್ಡ. ಜನ ನೀರು ಕುಡಿದು ಖುಷಿಯಲ್ಲಿದ್ದಾರೆ. ಹುಳ ಇಲ್ಲದ ನೀರು ಕೆಟ್ಟದೆಂದು ಅವರಿಗೆ ಹೇಗೆ ಹೇಳುವುದು? ನಗುತ್ತಾರೆ.

ಬಟ್ಟೆಯ ವಿಷಯ ಖತೀಜಮ್ಮನಿಗೆ ಹೇಳಿದ್ದೇನೆ. ಬಾಸಿತ್ ಸದ್ಯ ಮೂಡುಬಿದಿರೆ ಕಡೆಗೆ ಬರುವ ಸಂದರ್ಭ ಇಲ್ಲ.

ಇತಿ,
ಸಂಕಪ್ಪ


ಮೂಡುಬಿದಿರೆ
8 ಫೆಬ್ರವರಿ 2025

ಸಂಕಪ್ಪಣ್ಣನಿಗೆ,

ನಿಮ್ಮ ಕೆಲಸದ ಮೇಲೆ ನನಗೆ ಸಂದೇಹವಿಲ್ಲ. ಸಂದೇಹ ಇರುವುದು ಆ ಗುಡ್ಡದ ಮೇಲೆ. ಅದು ಒಮ್ಮೆ ಜರಿದ ಗುಡ್ಡ.

ಫಾಹಿಮಾಳಿಗೆ ಮಾತ್ರವಾದರೂ ಬೇರೆ ನೀರು ಕೊಡಿ. ಇಷ್ಟೇ ಕೇಳಿಕೊಳ್ಳುತ್ತೇನೆ.

ಕಮಲಾವತಿ


ಕಕ್ಕಿಂಜೆ
3 ಮಾರ್ಚ್ 2025

ಪೂಜ್ಯ ಅಮ್ಮನವರಿಗೆ,

ಪೈಪು ತುಂಡು ಮಾಡಿಸಿದ್ದೇವೆ. ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನಿಮ್ಮ ಎರಡನೆಯ ಪತ್ರ ಬಂದ ಮೇಲೂ ನಾನು ಸುಮ್ಮನಿದ್ದೆ. ಖತೀಜಮ್ಮ ಸುಮ್ಮನಿರಲಿಲ್ಲ. ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ದಿನವೂ ಬಿಚ್ಚಿ ನೋಡಿದ್ದಾರೆ. ಏನೂ ಇಲ್ಲ. ಒಂದು ದಿನ ಅದೇ ಬಟ್ಟೆಯನ್ನು ಅದೇ ನೀರಿನಲ್ಲಿ ಸೋಪು ಹಾಕಿ ಒಗೆದು ಹಗ್ಗಕ್ಕೆ ಹಾಕಿದರು. ಒಣಗಿದಾಗ ಬಟ್ಟೆ ತೆಳು ಹಸಿರು. ಅವರ ನಮಾಜಿನ ಬಿಳಿ ಬಟ್ಟೆಗೂ ಅದೇ ಬಣ್ಣ ಬಂದಿತ್ತು, ಅವರು ಸೋಪಿನವನನ್ನು ಬೈಯುತ್ತಿದ್ದರಂತೆ. ಬಟ್ಟೆ ಹಿಡಿದುಕೊಂಡು ನನ್ನ ಮನೆಗೇ ಬಂದರು.

“ಸಂಕಪ್ಪಣ್ಣ, ಇದೆಂತ ಬಣ್ಣ? ನಾನು ಬಣ್ಣ ಹಾಕ್ಲಿಲ್ಲ, ನೀವು ಹಾಕಿದ್ದಾ?”

ಖತೀಜಮ್ಮ ಬೈದರೆ ಕಿವಿ ಇಲ್ಲದವನಿಗೂ ಕೇಳುತ್ತದೆ. ಏನೂ ಉಳಿಯದಿದ್ದರೆ ಕುಡಿಯಬೇಡಿ ಎಂದು ನೀವು ಬರೆದದ್ದನ್ನು ಆಗ ತೋರಿಸಿದೆ, ಅದನ್ನು ಮೊದಲು ಅವರಿಗೆ ಹೇಳಿರಲಿಲ್ಲ. ಆಗ ಅವರು ಸೊಸೆಯ ವಿಷಯ ಹೇಳಿದರು. ಫಾಹಿಮಾಳಿಗೆ ಹತ್ತು ದಿನಗಳಿಂದ ವಾಂತಿ, ಹೊಟ್ಟೆನೋವು. ಬಸುರಿನ ತೊಂದರೆ ಎಂದು ಬಿಟ್ಟಿದ್ದರಂತೆ. ಆ ಸಂಜೆಯೇ ಬಾಸಿತ್ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ನೀರು ಬದಲಿಸಿದ ಮೇಲೆ ಈಗ ಪರವಾಗಿಲ್ಲ. ಮಗುವಿಗೆ ತೊಂದರೆ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಮರುದಿನ ನಾನು ಮೊಣಕಾಲಿಗೆ ಗೋಣಿ ಕಟ್ಟಿಕೊಂಡು ಸುರಂಗದ ಒಳಗೆ ತೆವಳಿದೆ. ಬಾಸಿತ್ ಟಾರ್ಚ್ ಹಿಡಿದ. ಗೋಡೆಯಲ್ಲಿ ಡ್ರಿಲ್ಲಿನ ತೂತಿನ ಗುರುತುಗಳು ಸಾಲಾಗಿದ್ದವು. ನನ್ನ ಸುರಂಗದಲ್ಲಿ ಪಿಕ್ಕಾಸಿನ ಏಟು ಬಿಟ್ಟರೆ ಬೇರೆ ಗುರುತು ಇಲ್ಲ. ಇದು ಗಣಿಯ ನೀರನ್ನು ಹೊರಗೆ ಬಿಡಲು ಕಂಪೆನಿ ಕೊರೆಸಿದ ದಾರಿ.

ಮರ ಹೇಗೆ ತಪ್ಪಿತೆಂದು ಆಮೇಲೆ ತಿಳಿಯಿತು. ಗುಡ್ಡ ಜರಿದಾಗ ಧೂಪದ ಮರ ಬೀಳಲಿಲ್ಲ. ಬೇರಿನ ಮಣ್ಣಿನ ಸಮೇತ ನಿಂತಲ್ಲೇ ಜಾರಿ ಇಲ್ಲಿಗೆ ಬಂದು ಮತ್ತೆ ಚಿಗುರಿದೆ. ಮರ ನಡೆಯುತ್ತದೆಂದು ಯಾರು ಎಣಿಸುತ್ತಾರೆ? ಹಿಂದೆ ನಾವು ಮರ ನೋಡಿ ಸುರಂಗ ಹುಡುಕಿದವರಲ್ಲ. ಗುಡ್ಡಕ್ಕೆ ಕಿವಿ ಕೊಟ್ಟು ಒಳಗಿನ ನೀರನ್ನು ಕೇಳುತ್ತಿದ್ದೆವು. ಕಿವಿ ಹೋದ ಮೇಲೆ ನಾನು ಕಣ್ಣನ್ನು ನಂಬಿದೆ.

ನೀರಿನ ಬಾಟಲಿ ಬಾಸಿತನ ಕೈಯಲ್ಲಿ ಕಳಿಸುತ್ತಿದ್ದೇನೆ. ಈಗ ವಾರಕ್ಕೊಮ್ಮೆ ಟ್ಯಾಂಕರ್ ಬರುತ್ತದೆ. ಅದು ಬಂದಾಗ ಜಗಳ. ನಮ್ಮ ಸುರಂಗ ಎಲ್ಲೋ ಅಲ್ಲೇ ಮಣ್ಣಿನ ಅಡಿಯಲ್ಲಿದೆ. ಎಲ್ಲಿ ಎಂದು ಹೇಳಲು ನನಗೆ ಆಗುವುದಿಲ್ಲ. ಇನ್ನೊಮ್ಮೆ ತಪ್ಪು ಜಾಗ ತೋರಿಸಿದರೆ ಪಂಚಾಯತಿನವರು ಯಂತ್ರ ತರುವುದಿಲ್ಲ. ಮಳೆಗಾಲದ ಮೊದಲು ಸಿಗದಿದ್ದರೆ ಮುಂದಿನ ವರ್ಷವೂ ಇದೇ ಪಾಡು.

ಬಟ್ಟೆ ನೋಡಿ ಎಂದು ಬರೆದ ನಿಮಗೆ ಏನು ಹೇಳಲಿ? ಖತೀಜಮ್ಮ ದಿನವೂ ನಿಮಗಾಗಿ ಪ್ರಾರ್ಥಿಸುತ್ತಾರೆ. ನಾನು ಹೇಳಬೇಕಾದ್ದನ್ನೂ ಅವರೇ ಸೇರಿಸಿ ಹೇಳುತ್ತಿದ್ದಾರೆಂದು ತಿಳಿಯಿರಿ.

ಸಂಕಪ್ಪ


ಮೂಡುಬಿದಿರೆ
15 ಮಾರ್ಚ್ 2025

ಸಂಕಪ್ಪಣ್ಣನಿಗೆ,

ಫಾಹಿಮಾ ಚೇತರಿಸಿಕೊಂಡಳೆಂದು ಬಾಸಿತ್ ಹೇಳಿದ. ಅದಕ್ಕಿಂತ ದೊಡ್ಡ ಸುದ್ದಿ ಬೇಡ.

ಮೇಘಾ ನೀರಿನ ಪರೀಕ್ಷೆ ಮಾಡಿಸಿದಳು. ತಾಮ್ರ ಮಿತಿ ಮೀರಿದೆ, ನೀರು ಹುಳಿಯಾಗಿದೆ. ಗಣಿಯ ಒಳಗೆ ಆ ಬಂಗಾರ ಬಣ್ಣದ ಅದಿರಿಗೆ ಗಾಳಿ, ನೀರು ತಾಗಿ ಆಮ್ಲ ಹುಟ್ಟುತ್ತದೆ, ಅದು ತಾಮ್ರವನ್ನು ಕರಗಿಸಿ ತರುತ್ತದೆ ಎಂದು ವಿವರಿಸಿದಳು. ಜೀವಗಳು ಉಳಿಯದ್ದರಿಂದಲೇ ನೀರು ಅಷ್ಟು ತಿಳಿಯಾಗಿ ಕಾಣುವುದಂತೆ. ವರದಿಯ ಪ್ರತಿ ಪಂಚಾಯತಿಗೂ ಕಳಿಸಿದ್ದಾಳೆ.

ಇನ್ನೊಂದು ವಿಷಯ. ಇವರ ಕಪಾಟಿನಲ್ಲಿ ಹೊಳೆಯುವ ಕಲ್ಲುಗಳ ನಡುವೆ ಒಂದು ಕಪ್ಪು ಕಲ್ಲು ಇದೆ. ನೋಡಲು ರಸ್ತೆಗೆ ಹಾಕುವ ಜಲ್ಲಿಯ ಹಾಗೆ. ಮನೆಗೆ ಬಂದವರಿಗೆಲ್ಲ ಇವರು, “ಇದ್ರಲ್ಲಿ ಹೆಚ್ಚು ಬೆಲೆಯದ್ದು ಯಾವುದು, ಹೇಳಿ ನೋಡುವ” ಎನ್ನುತ್ತಿದ್ದರು. ಎಲ್ಲರೂ ಚಿನ್ನದಂಥದ್ದಕ್ಕೆ ಬೆರಳು ತೋರಿಸಿದರೆ ಇವರು ನಕ್ಕು ಕಪಾಟು ಮುಚ್ಚುತ್ತಿದ್ದರು. ಉತ್ತರ ಹೇಳಿದ್ದನ್ನು ನಾನು ಕೇಳಿಲ್ಲ. ಆ ಕಪ್ಪು ಕಲ್ಲನ್ನು ನಾನು ಎರಡು ಸಲ ಅಂಗಳಕ್ಕೆ ಎಸೆದಿದ್ದೆ. ಎರಡು ಸಲವೂ ತಂದು ಒಳಗಿಟ್ಟರು. ಮೊನ್ನೆ ತಿರುಗಿಸಿ ನೋಡಿದರೆ ಅಡಿಯಲ್ಲಿ ಬಿಳಿ ಬಣ್ಣದಲ್ಲಿ ‘ಸಂಕಪ್ಪ’ ಎಂದಿದೆ. ನಾನು ಈವರೆಗೆ ನೋಡಿರಲಿಲ್ಲ.

ನೀವು ನೀರು ತಲುಪಿದ ಕಡೆಯ ಕಲ್ಲೇ ಅದು? ಮೇಘಾ ತನ್ನ ಕಾಲೇಜಿನ ಭೂವಿಜ್ಞಾನದ ಅಧ್ಯಾಪಕರಿಗೆ ತೋರಿಸಿದಳು. ಅದು ಡಾಲರೈಟ್. ಇಂಥ ಕಲ್ಲು ಗುಡ್ಡದೊಳಗೆ ಅಡ್ಡಗೋಡೆಯ ಹಾಗೆ ಉದ್ದಕ್ಕೆ ಹೋಗಿರುತ್ತದಂತೆ. ಅದರ ಹಿಂದೆ ನೀರು ಕಟ್ಟಿ ನಿಲ್ಲುತ್ತದೆ. ಮೇಲಿನ ಮಣ್ಣು ಜರಿದರೂ ಆ ಗೋಡೆ ಜಾರುವುದಿಲ್ಲ, ಗುಡ್ಡದಿಂದ ನೀರು ಇಳಿಯುವ ತೋಡಿನಲ್ಲಿ ಎಲ್ಲಾದರೂ ಅದರ ತಲೆ ಕಾಣಬೇಕು ಎಂದರು.

ಮರ ನಡೆಯಬಹುದು. ಇದು ನಡೆಯದು. ಕಲ್ಲನ್ನು ಬಾಸಿತನ ಕೈಯಲ್ಲಿ ಕಳಿಸುತ್ತಿದ್ದೇನೆ.

ಕಮಲಾವತಿ


ಕಕ್ಕಿಂಜೆ
9 ಏಪ್ರಿಲ್ 2025

ಪೂಜ್ಯ ಅಮ್ಮನವರಿಗೆ,

ಸಿಕ್ಕಿತು.

ಕಲ್ಲು ಕೈಗೆ ಬಂದ ಕೂಡಲೇ ಗುರುತು ಹಿಡಿದೆ. ಮೆತ್ತಗಿನ ಕೆಂಪು ಮುರಕಲ್ಲು ಕೊರೆದು ಕೊರೆದು ಹೋದ ನನ್ನ ಪಿಕ್ಕಾಸು ಟಣ್ ಎಂದು ಹಿಂದಕ್ಕೆ ಹಾರಿದ್ದು ಇದಕ್ಕೇ. ಆ ಕಾಲದಲ್ಲಿ ನನಗೆ ಕೇಳುತ್ತಿತ್ತು. ಮೂರು ದಿನ ಬಡಿದು ಒಂದು ಮೂಲೆ ಹಾರಿಸಿದೆ. ಹಿಂದಿನಿಂದ ನೀರು ನನ್ನ ಎದೆಗೆ ಹೊಡೆಯಿತು. ಹೊರಗೆ ಬಂದು ನೋಡಿದರೆ ಧಣಿಗಳು ಛತ್ರಿ ಹಿಡಿದು ನಿಂತಿದ್ದರು. ಒದ್ದೆಯಾದ ನನ್ನನ್ನು ಅಪ್ಪಿಕೊಂಡರು, ಅವರ ಬಿಳಿ ಅಂಗಿ ಪೂರಾ ಕೆಂಪು ಕೆಸರಾಯಿತು. ಈ ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ಏನಕ್ಕೆ ಎಂದು ನಾನು ಕೇಳಲಿಲ್ಲ.

ನಾನು, ಬಾಸಿತ್, ಖತೀಜಮ್ಮ ಮೂವರೂ ಬೆಳಿಗ್ಗೆ ತೋಡಿಗೆ ಇಳಿದೆವು. ನೀವು ಬರಬೇಡಿ ಎಂದರೆ ಖತೀಜಮ್ಮ ಕೇಳಲಿಲ್ಲ. “ಈ ಗಂಡಸರು ಮರ ನೋಡಿ ಮರುಳಾದವರು. ಕಲ್ಲಾದ್ರೂ ನಾನು ನೋಡ್ತೇನೆ” ಎಂದರು. ನೀರು ಬತ್ತಿದ್ದರಿಂದ ಕಲ್ಲುಗಳೆಲ್ಲ ಹೊರಗಿದ್ದವು. ಹೆಚ್ಚಿನವು ಬಿಳಿ, ಬೂದು. ಕಪ್ಪು ಕಂಡಲ್ಲೆಲ್ಲ ಚೀಲದಿಂದ ಧಣಿಗಳ ಕಲ್ಲು ತೆಗೆದು ಪಕ್ಕಕ್ಕೆ ಹಿಡಿದು ನೋಡಿದೆವು. ಹೋಲದ್ದೇ ಹೆಚ್ಚು. ಬಿಸಿಲು ಏರಿತು. ಕಡೆಗೆ ತೋಡು ತಿರುಗುವಲ್ಲಿ ಖತೀಜಮ್ಮ ಕೂಗಿದ್ದಾರೆ, ನನಗೆ ಕೇಳಲಿಲ್ಲ, ಕಲ್ಲು ಎಸೆದು ಕರೆದರು. ತೋಡಿಗೆ ಅಡ್ಡವಾಗಿ ಕಟ್ಟಿದಂತೆ ಕಪ್ಪು ಕಲ್ಲಿನ ಸಾಲು. ಅದೇ ಬಣ್ಣ, ಅದೇ ಭಾರ. ಆ ಸಾಲು ನೇರ ಗುಡ್ಡದ ಒಳಗೆ ಹೋಗಿತ್ತು, ಈಗಿನ ಧೂಪದ ಮರದಿಂದ ಬಹಳ ಮೇಲೆ.

ಸಾಲಿನ ನೇರಕ್ಕೆ ಹತ್ತಿದೆವು. ಒಂದು ಕಡೆ ಏಪ್ರಿಲ್ ತಿಂಗಳಲ್ಲೂ ಜರಿಗಿಡ ಹಸಿರಾಗಿತ್ತು. ನಾನು ಅಂಗೈ ಇಟ್ಟು ನೋಡಿದೆ, ತಂಪು. ಆದರೆ ತಂಪನ್ನು ನಂಬುವ ಧೈರ್ಯ ಇರಲಿಲ್ಲ. ಬಾಸಿತನಿಗೆ ಕಿವಿ ಇಡಲು ಹೇಳಿದೆ. ಉಸಿರು ಹಿಡಿಯಬೇಕು, ಬಾಯಿ ಸ್ವಲ್ಪ ತೆರೆದಿರಬೇಕು, ಕಣ್ಣು ಮುಚ್ಚಬೇಕು. ನನ್ನ ಅಪ್ಪ ನನಗೆ ಕಲಿಸಿದ ಹಾಗೆಯೇ ಹೇಳಿಕೊಟ್ಟೆ. ಅವ ಸುಮಾರು ಹೊತ್ತು ನೆಲಕ್ಕೆ ಕಿವಿಯಿಟ್ಟು ಹಾಗೆಯೇ ಮಲಗಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮೊದಲು ಹುಬ್ಬು ಏರಿತು. ಆಮೇಲೆ ತುಟಿ ಅಲುಗಿತು.

“ಉಂಟು, ಸಂಕಪ್ಪಣ್ಣ. ಯಾರೋ ಒಳಗೆ ಮಾತಾಡಿದ ಹಾಗೆ ಕೇಳ್ತದೆ.”

ನನಗೆ ನಲವತ್ತು ವರ್ಷಗಳ ಮೇಲೆ ನೀರು ಕೇಳಿದ ಹಾಗಾಯಿತು.

ವರದಿ ನೋಡಿದ್ದ ಪಂಚಾಯತಿನವರು ಮರುಮಾತಾಡದೆ ಯಂತ್ರ ಕಳಿಸಿದರು. ಬಾಯಿ ತೆರೆದಾಗ ಮೊದಲು ಹೊರಗೆ ಬಂದದ್ದು ಒಂದು ಕಪ್ಪೆ. ಅದರ ಹಿಂದೆ ಬಾವಲಿಗಳು, ಮೇಲಿನ ಯಾವುದೋ ಬಿರುಕಿನಿಂದ ಒಳಗೆ ಸೇರಿದ್ದಿರಬೇಕು. ಪಂಚಾಯತಿನ ಮೆಂಬರು ಹೆದರಿ ಹಿಂದಕ್ಕೆ ಬಿದ್ದರು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಪ್ಪೆಗೆ ಚಪ್ಪಾಳೆ ಸಿಕ್ಕಿದ್ದು ಇದೇ ಮೊದಲು ಇರಬೇಕು. ಗೋಡೆಯಲ್ಲಿ ನನ್ನ ಪಿಕ್ಕಾಸಿನ ಏಟುಗಳು ಹಾಗೆಯೇ ಇವೆ. ನೀರನ್ನು ಸರಕಾರಿ ಪ್ರಯೋಗಾಲಯಕ್ಕೂ ಕಳಿಸಿದರು, ಕುದಿಸಿ ಕುಡಿಯಬಹುದೆಂದು ಬರೆದು ಬಂತು.

ಮೊದಲ ಕೊಡವನ್ನು ಖತೀಜಮ್ಮ ಹೊಸ ಬಿಳಿ ಬಟ್ಟೆಯಲ್ಲಿ ಸೋಸಿದರು. ಬಟ್ಟೆಯಲ್ಲಿ ಸಣ್ಣದೇನೋ ಎರಡು ಮಿಸುಕಾಡಿದವು. “ಅಲ್ಲಾಹ್, ಜೀವ ಉಂಟು!” ಎಂದು ಕುಣಿದರು. ಆಮೇಲೆ, “ಈಗ ಇವನ್ನು ಎಂತ ಮಾಡುದು?” ಎಂದು ಕೇಳಿದರು. ಅಮ್ಮನವರು ಬಂದಲ್ಲಿಗೇ ಬಿಡುತ್ತಿದ್ದರು ಎಂದೆ. ಗುಡ್ಡ ಕಡಿದಾಗಿದೆ, ನಾಳೆ ನಾನೇ ಹೋಗುತ್ತೇನೆ ಎಂದರೂ ಕೇಳದೆ, ಅವರು ಬಟ್ಟೆಯನ್ನು ಚೆಂಬಿನ ನೀರಿನಲ್ಲಿ ಅದ್ದಿ ಹಿಡಿದುಕೊಂಡು ತಾವೇ ಹತ್ತಿ ಹೋಗಿ ಬಿಟ್ಟು ಬಂದರು.

ಧಣಿಗಳ ಕಲ್ಲನ್ನು ಜೋಪಾನವಾಗಿ ಇಟ್ಟಿದ್ದೇನೆ. ಹಿಂದಕ್ಕೆ ಕಳಿಸಲೇ?

ಸಂಕಪ್ಪ


ಮೂಡುಬಿದಿರೆ
18 ಏಪ್ರಿಲ್ 2025

ಸಂಕಪ್ಪಣ್ಣನಿಗೆ,

ಕೆಸರಿನ ಅಂಗಿ ನನಗೆ ನೆನಪಿದೆ. ಎಷ್ಟು ಒಗೆದರೂ ಹೋಗಲಿಲ್ಲ. ಜಾರಿ ಬಿದ್ದೆ ಎಂದಿದ್ದರು. ಯಾಕೆ ಹಾಗೆ ಹೇಳಿದರೋ. ಬಹುಶಃ ಅಪ್ಪಿಕೊಂಡದ್ದನ್ನು ಹೇಳಲು ನಾಚಿಕೆಯಾಯಿತೇನೋ.

ಇಷ್ಟು ವರ್ಷ ನನ್ನ ಮನಸ್ಸಿನಲ್ಲಿ ಇವರು ಗಣಿಯನ್ನು ಮುಚ್ಚಿಸಿದವರು ಮಾತ್ರ ಆಗಿದ್ದರು. ಊರು ಹಾಗೆ ಹೇಳಿತು, ನಾನೂ ಒಪ್ಪಿಕೊಂಡೆ. ಕಪಾಟಿನ ಮುಂದೆ ಇವರು ಕೇಳುತ್ತಿದ್ದ ಪ್ರಶ್ನೆಗೆ ಈಗ ನನಗೆ ಉತ್ತರ ಗೊತ್ತು. ಹೇಳಲು ಇವರಿಲ್ಲ, ನಿಮಗೆ ಹೇಳುತ್ತಿದ್ದೇನೆ. ನಿಮಗೂ, ಖತೀಜಮ್ಮನಿಗೂ, ಕಿವಿ ಇಟ್ಟ ಬಾಸಿತನಿಗೂ ನನ್ನ ನಮಸ್ಕಾರ.

ಕಲ್ಲು ಕಳಿಸಬೇಡಿ. ಸುರಂಗದ ಬಾಯಿಯಲ್ಲಿ ಇಡಿ. ಮಳೆಗೆ ಮೊದಲು ಒಮ್ಮೆ ಬಂದು ಆ ನೀರನ್ನು ನಾನೇ ಸೋಸಿ ಕುಡಿಯಬೇಕೆಂದು ಆಸೆ. ಬಟ್ಟೆ ನಾನೇ ತರುತ್ತೇನೆ. ಮೇ ಹತ್ತರಂದು ಮೇಘಾಳಿಗೆ ರಜೆ. ಬೆಳ್ತಂಗಡಿಯವರೆಗೆ ಬಸ್ಸಿನಲ್ಲಿ ಬರಬಹುದೇ?

ಕಮಲಾವತಿ


ಕಕ್ಕಿಂಜೆ
26 ಏಪ್ರಿಲ್ 2025

ಪೂಜ್ಯ ಅಮ್ಮನವರಿಗೆ,

ಬಸ್ಸು ಬೇಡ. ಹತ್ತನೆಯ ತಾರೀಕು ಬೆಳಿಗ್ಗೆ ಬಾಸಿತ್ ಜೀಪು ತೆಗೆದುಕೊಂಡು ನಿಮ್ಮ ಮನೆಗೇ ಬರುತ್ತಾನೆ. ಫಾಹಿಮಾ ಚೆನ್ನಾಗಿದ್ದಾಳೆ, ನಿಮ್ಮನ್ನು ನೋಡದೆ ತವರಿಗೆ ಹೋಗುವುದಿಲ್ಲವೆಂದು ಕುಳಿತಿದ್ದಾಳೆ.

ಪೇಟೆಯಿಂದ ಗುಡ್ಡಕ್ಕೆ ತಿರುಗುವ ಜಾಗ ನಿಮಗೆ ನೆನಪಿರಬಹುದು. ಆ ಕಾಲದಲ್ಲಿ ನಿಮ್ಮ ಲಾರಿ ಅಲ್ಲಿಂದಲೇ ಇಳಿದದ್ದು. ಅಲ್ಲಿಗೆ ಬಂದಾಗ ನಿಧಾನ ಮಾಡು ಎಂದು ಬಾಸಿತನಿಗೆ ಹೇಳಿದ್ದೇನೆ. ರಸ್ತೆಯಲ್ಲಿ ಜನ ಇರುತ್ತಾರೆ. ನಾನೂ ಇರುತ್ತೇನೆ.

ಸಂಕಪ್ಪ